ಅರವತ್ತಮೂರು ಬಂದ್

ಶಾನ್‌ಬೋರ್ ನೊಂಗ್‌ರುಮ್‌ಗೆ ಕನಸು ಬೀಳುತ್ತಿರಲಿಲ್ಲ.

ಶಿಲ್ಲಾಂಗಿನಲ್ಲಿ ಜೂಜಾಡುವವನಿಗೆ ಇದಕ್ಕಿಂತ ದೊಡ್ಡ ಬಡತನವಿಲ್ಲ. ಇಲ್ಲಿನ ಜನ ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಕನಸನ್ನು ಅಂಕಿಗೆ ಇಳಿಸುತ್ತಾರೆ. ಗಂಡಸು ಕಂಡರೆ ಆರು, ಹೆಂಗಸು ಕಂಡರೆ ಐದು, ನೀರು ಕಂಡರೆ ಮೂರು. ಎರಡು ಅಂಕಿ ಜೋಡಿಸಿಕೊಂಡು ಕೌಂಟರಿಗೆ ಹೋಗಿ ದುಡ್ಡು ಕಟ್ಟುತ್ತಾರೆ. ಮಧ್ಯಾಹ್ನ ಮೈದಾನದಲ್ಲಿ ಬಿಲ್ಲುಗಾರರು ಹುಲ್ಲಿನ ಪಿಂಡಿಗೆ ಬಾಣ ಬಿಡುತ್ತಾರೆ. ನೆಟ್ಟ ಬಾಣಗಳನ್ನು ಎಣಿಸಿದಾಗ ಸಿಗುವ ಕೊನೆಯ ಎರಡು ಅಂಕಿಯೇ ಆ ಆಟದ ನಂಬರು. ದಿನಕ್ಕೆ ಎರಡು ಆಟ. ಗೆದ್ದರೆ ಒಂದು ರೂಪಾಯಿಗೆ ಎಂಬತ್ತು.

ಶಾನ್‌ಬೋರ್ ಹರೆಯದಿಂದಲೂ ಕಂಡವರ ಕನಸನ್ನು ಕೇಳಿ, ಬೇಡಿ, ಒಂದು ತುಂಡು ಅಡಿಕೆಗೆ ಕೊಂಡು ಆಡಿದವನು.

"ಅದಕ್ಕೇ ಚೆನ್ನಾಗಿ ನೆನಪಿದೆ ಅಂತಿರೋದು," ಎಂದಳು ಕಾಂಗ್ ತ್ರೀನಾ, ಊರಿಗೆಲ್ಲ ಅಕ್ಕ.

ಮಾವ್‌ಖರಿನ ಇಳಿಜಾರಿನಲ್ಲಿ ಅವಳದು ಬೀರುವಿನಷ್ಟು ಅಗಲದ ಮರದ ಕೌಂಟರು. ಒಳಗೆ ಒಬ್ಬಳು ಕೂತರೆ ಮೊಣಕಾಲು ಚಾಚಲು ಜಾಗವಿಲ್ಲ. ಚೀಟಿ ಬರೆಯುವ ಬೆರಳುಗಳಿಗೆ ಶಾಯಿಯೂ ಸುಣ್ಣವೂ ಮೆತ್ತಿಕೊಂಡಿದ್ದವು. ಎದುರಿಗೆ ಸಬ್ ಇನ್ಸ್‌ಪೆಕ್ಟರ್ ಇಬಾನ್ರಿ ನೊಂಗ್‌ರುಮ್ ಸಮವಸ್ತ್ರವಿಲ್ಲದೆ, ಸ್ವೆಟರಿನ ಮೇಲೆ ಹಳೆಯ ಜಾಕೆಟ್ಟು ಹಾಕಿ ನಿಂತಿದ್ದಳು.

"ಸೋಮವಾರ ಬೆಳಗ್ಗೆ ಹಲಗೆ ತೆಗೀತೀನಿ, ನಿಮ್ಮ ಮಾಮ ನಿಂತಿದಾನೆ. 'ಕಾಂಗ್, ನನಗೆ ಕನಸು ಬಿತ್ತು' ಅಂದ. ಕತ್ತೆಗೆ ಕೊಂಬು ಬಂತಾ ಅಂದೆ. ನಗಲಿಲ್ಲ."

"ಏನು ಕನಸಂತೆ?"

"ನೀರಲ್ಲಿ ಗಂಡಸು. ಅರವತ್ತಮೂರು ಬರಿ ಅಂದ. ಬರೆದೆ. ಆಮೇಲೆ ತಾನಾಗೇ ಅಂತಾನೆ, 'ಒಂದು ಕಾಲಲ್ಲಿ ಬೂಟಿಲ್ಲ ಕಣೇ' ಅಂತ. ಬೂಟಿಗೂ ಒಂದು ಅಂಕಿ ಇದೆ, ಅದಕ್ಕೂ ಕಟ್ತೀಯಾ ಅಂದೆ. ಬೇಡ, ಎಲ್ಲಾ ಅರವತ್ತಮೂರಕ್ಕೇ ಹಾಕು ಅಂದ."

ಕಿಟ್‌ಬೋಕ್ ವಾಲಾಂಗನ ಹೆಣ ಕೇರಿಯ ಕೆಳಗಿನ ಹೊಳೆಯಲ್ಲಿ ಸಿಕ್ಕಿದ್ದು ಅದೇ ಸೋಮವಾರ, ಆದರೆ ಸಂಜೆ. ತಲೆಯ ಹಿಂಭಾಗ ಒಡೆದಿತ್ತು. ಎಡಗಾಲಿನ ಬೂಟು ಮೇಲಿನ ದಾರಿಯ ಕೆಸರಿನಲ್ಲಿ ಸಿಕ್ಕಿತ್ತು. ಬೂಟಿನ ವಿಷಯ ಠಾಣೆಯವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೆಣವನ್ನು ಕಂಬಳಿ ಸುತ್ತಿಯೇ ಮೇಲೆ ತಂದಿದ್ದರು.

"ಮಂಗಳವಾರ ಇಡೀ ಊರು ಅರವತ್ತಮೂರು ಕಟ್ತು," ತ್ರೀನಾ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿದಳು. "ಸತ್ತವನು ಗೊತ್ತಿರೋನಲ್ಲವಾ. ದಿನಾ ಮೈದಾನದಲ್ಲಿ ಬಾಣ ಎಣಿಸೋನು. ಅವನ ಹೆಸರಲ್ಲಿ ಎಲ್ಲರೂ ಕಟ್ಟಿದರು. ನಿಮ್ಮ ಮಾಮ ಮಾತ್ರ ಒಂದು ದಿನ ಮೊದಲೇ ಕಟ್ಟಿದ್ದ."

"ಬಂತಾ?"

"ಎಲ್ಲಿ ಬರುತ್ತೆ. ಸೋಮವಾರ ಬಂದಿದ್ದು ಹದಿನೇಳು."

ಪಕ್ಕದ ಚಹಾದ ಗೂಡಿನಲ್ಲಿ ಕೆಂಪು ಮಫ್ಲರಿನವನೊಬ್ಬ ಲೋಟ ಖಾಲಿಯಾದ ಮೇಲೂ ಹಿಡಿದುಕೊಂಡೇ ನಿಂತಿದ್ದ. ತ್ರೀನಾ ಅವನತ್ತ ಒಮ್ಮೆ ಕಣ್ಣು ಹಾಯಿಸಿ, ಚೀಟಿಗಳನ್ನು ಸುಮ್ಮನೆ ಜೋಡಿಸತೊಡಗಿದಳು.

"ಇನ್ನೊಂದು ಮಾತಿದೆ ತಂಗಿ," ಎಂದಳು, ತುಟಿ ಆಡಿಸದ ಹಾಗೆ. "ಇಲ್ಲಿ ಬೇಡ. ಎರಡನೇ ಆಟ ಮುಗಿದ ಮೇಲೆ ಮನೆಗೆ ಬಾ. ಹೊಳೆ ದಾಟಿ ಮೊದಲನೇ ತಗಡಿನ ಮನೆ."

"ಈಗಲೇ ಹೇಳಿ ಕಾಂಗ್."

"ಕಾಡಿಸಬೇಡ. ಹಿಂದೆ ಜನ ನಿಂತಿದಾರೆ," ಎಂದು ಗಟ್ಟಿಯಾಗಿ ಹೇಳಿ ಅವಳು ಹಿಂದೆ ನಿಂತ ಅಣ್ಣನತ್ತ ಕತ್ತು ಚಾಚಿದಳು. "ಯಾವುದು ಬರೀಲಿ ಬಾಹ್? ಹಾವಾ? ಎಷ್ಟು ಉದ್ದ ಇತ್ತು?"

ಇಬಾನ್ರಿ ಇಳಿಜಾರು ಇಳಿದಳು. ಠಾಣೆಯಲ್ಲಿ ದೊಡ್ಡ ಸಾಹೇಬರು ಬೆಳಗ್ಗೆಯೇ ಹೇಳಿದ್ದರು: ಸಂಜೆಯೊಳಗೆ ಒಂದು ಹೆಸರು ಬೇಕು. ಈಗ ಅವಳ ಹತ್ತಿರ ಒಂದು ಹೆಸರಿತ್ತು. ಅದರ ಕೊನೆಗೆ ಅವಳದೇ ಕುಲನಾಮವಿತ್ತು. ಅಮ್ಮನಿಗೆ ಇರುವವನು ಒಬ್ಬನೇ ತಮ್ಮ. ಅಪ್ಪ ಬಿಟ್ಟುಹೋದ ಮೇಲೆ ಇಬಾನ್ರಿಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವನು ಅವನು. ಅವನನ್ನು ಒಳಗೆ ಹಾಕಬೇಕೋ ಬೇಡವೋ ಎಂಬುದು ಸಂಜೆಯೊಳಗೆ ಅವಳ ಬಾಯಿಂದ ಬರಬೇಕಾಗಿತ್ತು.

ಜೈಆವ್‌ನ ತಿರುವಿನಲ್ಲಿ ಬಾಹ್ ಹೋಪ್‌ವೆಲ್ಲನ ದೊಡ್ಡ ಕೌಂಟರು. ಗಾಜಿನ ಬಾಗಿಲು, ಹಗಲೂ ಉರಿಯುವ ದೀಪ, ಕಾಯುವವರಿಗೆ ಬೆಂಚು, ಬೆಂಚಿನ ಮುಂದೆ ಟಿ.ವಿ. ಊರಿನಲ್ಲಿ ಇಂಥ ಹನ್ನೆರಡು ಕೌಂಟರು ಅವನವು. ಎಲ್ಲಕ್ಕೂ ಲೈಸೆನ್ಸು ಇದೆ, ಸರ್ಕಾರಕ್ಕೆ ತೆರಿಗೆ ಹೋಗುತ್ತದೆ, ಚರ್ಚಿನ ಹೊಸ ಛಾವಣಿಗೆ ತಗಡು ಕೊಟ್ಟವನೂ ಅವನೇ.

ಈ ಕೌಂಟರಿನ ಹಿಂದಿರುವ ಮನೆಯಲ್ಲಿ ಇಬಾನ್ರಿ ಹುಟ್ಟಿದ್ದಳು.

ಅಜ್ಜಿಯ ಮನೆ ಅದು. ಪದ್ಧತಿಯಂತೆ ಕಿರಿಮಗಳಾದ ಅಮ್ಮನಿಗೆ ಬಂತು. ಅಮ್ಮನ ನಂತರ ಇಬಾನ್ರಿಗೆ ಬರಬೇಕಿತ್ತು. ಆದರೆ ಮನೆ ಹೆಣ್ಣಿನದಾದರೂ ಮಾತು ಸೋದರಮಾವನದು. ಶಾನ್‌ಬೋರ್ ಜೂಜಿನ ಸಾಲಕ್ಕೆ ಮನೆ ಮಾರೋಣ ಎಂದು ಅಕ್ಕನ ಕೈಹಿಡಿದು ಅತ್ತ, ಬೈದ, ಮತ್ತೆ ಅತ್ತ. ಅವನು ತಂದ ಕೊಳ್ಳುವವನ ಹೆಸರು ಹೋಪ್‌ವೆಲ್ ಆಗಿತ್ತು. ಸಾಲ ಕಳೆದು ಕೈಗೆ ಬಂದ ಹಣದಲ್ಲಿ ಆ ಚಳಿಗಾಲದ ಕಲ್ಲಿದ್ದಲು ಕೊಂಡರು.

ಹುಡುಗಿಯೊಬ್ಬಳು ಗಾಜಿನ ಹೊರಗೆ ಸ್ಟೂಲು ಹತ್ತಿ ಕರಿಹಲಗೆ ಒರೆಸುತ್ತಿದ್ದಳು. ಮೇಲೆ ಬಣ್ಣದಲ್ಲಿ 'ಇಂದು ಬಂದ್' ಎಂದು ಬರೆದಿತ್ತು. ಒಂದೇ ಅಂಕಿಗೆ ಜನ ವಿಪರೀತ ಕಟ್ಟಿದರೆ, ಆ ಅಂಕಿ ಬಂದು ಕೌಂಟರು ಮುಳುಗದಿರಲಿ ಎಂದು ಆ ದಿನಕ್ಕೆ ಅದನ್ನು ಬಂದ್ ಮಾಡುತ್ತಾರೆ. ಹುಡುಗಿ ಕಿವಿಗೆ ಫೋನು ಒತ್ತಿಕೊಂಡೇ ಸೀಮೆಸುಣ್ಣದಿಂದ 53 ಎಂದು ಬರೆದಳು. ಇಬಾನ್ರಿ ಅದನ್ನು ಓದಿದಳು, ದಿನಾ ಓದುವ ಹಾಗೆ, ಮುಂದೆ ಹೋದಳು.

ಅಮ್ಮನ ಜಾದೋ ಗೂಡಿನಲ್ಲಿ ಹೊಗೆ ತುಂಬಿತ್ತು. ಅನ್ನಕ್ಕೆ ಹಂದಿಮಾಂಸ ಬೆರೆಸುತ್ತಿದ್ದ ಅಮ್ಮ ಕಣ್ಣು ಒರೆಸಿಕೊಂಡು ಮೂರು ಕಲ್ಲಿನ ಒಲೆಗೆ ಹಸಿ ಸೌದೆ ತಳ್ಳುತ್ತಿದ್ದಳು.

"ಮೇಯ್, ಸ್ಟೌ ಎಲ್ಲಿ?"

"ರಿಪೇರಿಗೆ ಹೋಗಿದೆ."

"ಯಾರು ತಗೊಂಡು ಹೋದರು?"

"ನಿಮ್ಮ ಮಾಮ."

"ಯಾವತ್ತು?"

ಅಮ್ಮ ಸೌಟು ಕೆಳಗಿಟ್ಟಳು. "ನೀನು ಪೊಲೀಸಾಗಿ ಕೇಳ್ತಿದೀಯೋ ಮಗಳಾಗೋ?"

"ಯಾವತ್ತು ಮೇಯ್?"

"ಸೋಮವಾರ. ನಸುಕಿಗೇ ಆ ಮುದುಕಿಯ ಸಾವಿನ ಮನೆಯಲ್ಲಿ ಕ್ವಾಯ್‌ಗೆ ಅಡಿಕೆ ಹೆಚ್ಚೋಕೆ ಹೋಗಿದ್ದೆ. ಕೇರಿಯ ಹೆಂಗಸರೆಲ್ಲ ಅಲ್ಲೇ ಇದ್ದೆವು. ಬಂದು ನೋಡಿದರೆ ಸ್ಟೌ ಇಲ್ಲ. ರಿಪೇರಿ ಅಂದ. ಕೆಟ್ಟಿರಲಿಲ್ಲ ಅದು." ಅವಳು ಮತ್ತೆ ಸೌಟು ತೆಗೆದುಕೊಂಡಳು. "ನನಗೂ ಗೊತ್ತು ಬಿಡು. ತಿಂದು ಹೋಗು."

"ಹಸಿವಿಲ್ಲ."

"ಕಿಟ್‌ಬೋಕನ ವಿಷಯಕ್ಕೆ ಅವನ ಹತ್ತಿರ ಹೋಗ್ತಿದೀಯಾ?"

ಇಬಾನ್ರಿ ಜಾಕೆಟ್ಟಿನ ಜಿಪ್ಪು ಎಳೆದುಕೊಂಡಳು.

"ಕಿಟ್‌ಬೋಕ್ ಹಾಳಾಗಿ ಹೋಗಲಿ ಅಂತ ಶಾಪ ಹಾಕಿದವಳು ನಾನು," ಎಂದಳು ಅಮ್ಮ. "ಬೇಕಿದ್ದರೆ ನನ್ನನ್ನ ಬರಕೋ."

ಶಾಪ ಹಾಕುವುದಕ್ಕೆ ಕಾರಣವಿತ್ತು. ಮನೆ ಹೋದ ಮೇಲೆ ಶಾನ್‌ಬೋರ್ ಆಟ ಬಿಟ್ಟಿದ್ದ. ಅಕ್ಕನ ತಲೆ ಮುಟ್ಟಿ ಬಿಟ್ಟ. ಮೈದಾನದ ದಾರಿ ತಪ್ಪಿಸಿ ಸುತ್ತು ಹಾಕಿ ಓಡಾಡಿದ, ಬಜಾರಿನಲ್ಲಿ ಮೂಟೆ ಹೊತ್ತ, ಅಕ್ಕನಿಗೆ ಆ ಸ್ಟೌ ಕೊಡಿಸಿದ. ಆಗ ದಿನ ಬೆಳಗಾದರೆ ಬಾಗಿಲಿಗೆ ಕಿಟ್‌ಬೋಕ್ ಬರತೊಡಗಿದ. ಕೈಯಲ್ಲಿ ಒಂದು ಕ್ವಾಯ್: ವೀಳ್ಯದೆಲೆ, ಸುಣ್ಣ, ಹಸಿ ಅಡಿಕೆ. ಎಲೆಯ ಮಡಿಕೆಯೊಳಗೆ ಬರೆದು ಸಿದ್ಧವಾದ ಒಂದು ಚೀಟಿ. 'ಬಾಹ್ ಹೋಪ್‌ವೆಲ್ ಕಳಿಸಿದಾನೆ. ದುಡ್ಡು ಬೇಡ, ಸ್ನೇಹಕ್ಕೆ.'

ಚೀಟಿ ಬೇಡ ಅನ್ನಬಹುದಿತ್ತು. ಕ್ವಾಯ್ ಬೇಡ ಅನ್ನುವಂತಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ಕೊಡುವುದು ಅದು, ಸತ್ತವರು ದೇವರ ಮನೆಯಲ್ಲಿ ಕೂತು ತಿನ್ನುವುದೂ ಅದು. ಕೊಟ್ಟ ಕ್ವಾಯನ್ನು ತಳ್ಳುವವನು ಮನುಷ್ಯನನ್ನೇ ತಳ್ಳಿದ ಹಾಗೆ. ಶಾನ್‌ಬೋರ್ ಎಲೆ ತಿಂದ, ಚೀಟಿಯನ್ನು ಒಲೆಗೆ ಹಾಕಿದ. ಹೀಗೇ ತಿಂಗಳುಗಟ್ಟಲೆ. ಒಂದು ದಿನ ಒಲೆಗೆ ಹಾಕಿದ ಚೀಟಿಯ ನಂಬರು ಬಂತು.

ಆ ರಾತ್ರಿ ಅವನು ಬೂದಿ ಕೆದಕುತ್ತ ಕೂತಿದ್ದನ್ನು ಇಬಾನ್ರಿ ನೋಡಿದ್ದಳು. ಮರುದಿನ ಎಲ್ಲರಿಗಿಂತ ಮೊದಲು ಕೌಂಟರಿನ ಮುಂದೆ ನಿಂತವನು ಅವನೇ. ಹೋಪ್‌ವೆಲ್ ಆಮೇಲೆ ಪುಕ್ಕಟೆ ಚೀಟಿ ಕಳಿಸಲಿಲ್ಲ.

ಮೈದಾನದಲ್ಲಿ ಮೊದಲನೇ ಆಟ ಶುರುವಾಗುವುದರಲ್ಲಿತ್ತು. ಬಿಲ್ಲುಗಾರರು ಅರ್ಧ ಚಂದ್ರಾಕಾರದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಾಣಗಳ ತುದಿ ನೋಡಿಕೊಳ್ಳುತ್ತಿದ್ದರು. ಹಗ್ಗದ ಈಚೆ ಜನ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆಸ್ಪತ್ರೆಯ ಹೊರಗೆ ನಿಂತವರ ಹಾಗೆ ಮುಖ ಮಾಡಿಕೊಂಡಿದ್ದರು.

ಹಗ್ಗದ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಬಾಹ್ ಹೋಪ್‌ವೆಲ್ ಅವಳನ್ನು ಕಂಡು ಎದ್ದ. ಇಸ್ತ್ರಿಯ ಕೋಟು, ಎದೆಯಲ್ಲಿ ಚರ್ಚಿನ ಪಿನ್ನು. ಜೇಬಿನಿಂದ ಎಲೆಯ ಪೊಟ್ಟಣ ತೆಗೆದು ಎರಡೂ ಕೈಯಲ್ಲಿ ಚಾಚಿದ.

"ತಗೊಳ್ಳಿ ಕಾಂಗ್ ಇಬಾನ್ರಿ. ಚಳಿ ಜಾಸ್ತಿ."

ಅವಳು ತೆಗೆದುಕೊಂಡಳು. ಬಾಯಿಗೆ ಹಾಕಿಕೊಂಡಳು. ಸುಣ್ಣ ನಾಲಿಗೆಯನ್ನು ಸುಟ್ಟಿತು.

"ಪಾಪ, ಕಿಟ್‌ಬೋಕ್," ಎಂದ ಅವನು. "ಅವನಷ್ಟು ಸ್ವಚ್ಛವಾಗಿ ಬಾಣ ಎಣಿಸೋರು ಇನ್ನು ಸಿಗಲ್ಲ. ಶವಪೆಟ್ಟಿಗೆ ಖರ್ಚು ನಾನೇ ನೋಡಿಕೊಂಡೆ. ಯಾರು ಏನು ಅಂತ ಗೊತ್ತಾಯಿತಾ?"

"ಇವತ್ತು ಗೊತ್ತಾಗುತ್ತೆ."

"ಆಗಲಿ. ಹೆಂಗಸು ಅಂತ ಜನ ನಿಮ್ಮನ್ನ ಹಗುರ ಮಾಡ್ತಾರೆ. ನಾನು ಮಾಡಲ್ಲ," ಎಂದು ಅವನು ಕುರ್ಚಿಗೆ ಮರಳಿದ.

ಶಾನ್‌ಬೋರ್ ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿದ್ದ, ಹಗ್ಗದ ಮೂಲೆಯ ಪೈನ್ ಮರದ ಬುಡದಲ್ಲಿ. ಅಲ್ಲಿಂದ ಹುಲ್ಲಿನ ಪಿಂಡಿ ಚೆನ್ನಾಗಿ ಕಾಣುತ್ತದೆ. ಐವತ್ತರ ಆಸುಪಾಸಿನವನು, ಎಪ್ಪತ್ತರವನ ಹಾಗೆ ಕಾಣುತ್ತಿದ್ದ. ಇಬಾನ್ರಿ ಅವನ ಪಕ್ಕ ನಿಂತಳು. ಬಿಲ್ಲುಗಾರರು ಬಾಣ ಬಿಡತೊಡಗಿದರು. ಟಪ್, ಟಪ್, ಟಪ್.

"ಮಾಮ, ನಿನಗೆ ಕನಸು ಬಿತ್ತಂತೆ."

ಅವನು ತಿರುಗಲಿಲ್ಲ. "ತ್ರೀನಾ ಹೇಳಿದಳಾ? ಅವಳ ಬಾಯಲ್ಲಿ ಅಡಿಕೆ ನಿಂತರೂ ಮಾತು ನಿಲ್ಲಲ್ಲ."

"ಬಿತ್ತಾ ಇಲ್ವಾ?"

"ಬಿತ್ತು. ನನಗೆ ಬೀಳಬಾರದಾ?"

"ನಾನು ಶಾಲೆಗೆ ಹೋಗುವಾಗ ದಿನಾ ಕೇಳ್ತಿದ್ದೆ ನೀನು, ರಾತ್ರಿ ಏನು ಕಂಡೆ ಅಂತ. ಏನೂ ಕಾಣದ ದಿನ ನಾನು ಸುಳ್ಳು ಹೇಳ್ತಿದ್ದೆ. ನಿನ್ನ ಮುಖ ಸಣ್ಣಗಾಗುತ್ತೆ ಅಂತ."

"ಗೊತ್ತು. ಯಾವಾಗಲೂ ಆನೆ ಅಂತಿದ್ದೆ," ಎಂದು ಅವನು ಸ್ವಲ್ಪ ನಕ್ಕ. "ಆನೆ ಒಂದು ಸಲ ಬಂದಿತ್ತು. ನಿನಗೆ ಕೆಂಪು ಬೂಟು ತಂದಿದ್ದೆ."

"ಬೂಟಿನ ವಿಷಯಕ್ಕೇ ಬಂದೆ ಮಾಮ."

ಅವನ ನಗು ಹಾಗೇ ನಿಂತಿತು.

"ಕಿಟ್‌ಬೋಕನ ಒಂದು ಕಾಲಲ್ಲಿ ಬೂಟಿರಲಿಲ್ಲ. ಅದನ್ನ ನಾವು ಪೇಪರಿನವರಿಗೆ ಹೇಳಿಲ್ಲ. ಅವನ ಹೆಂಡತಿಗೂ ಹೇಳಿಲ್ಲ. ನೀನು ಬೆಳಗ್ಗೆಯೇ ತ್ರೀನಾಗೆ ಹೇಳಿದೀಯ."

ಟಪ್, ಟಪ್. ಬಾಣಗಳು ಈಗ ದಟ್ಟವಾಗಿ ಬೀಳುತ್ತಿದ್ದವು. ಶಾನ್‌ಬೋರನ ಕಣ್ಣು ಪಿಂಡಿಯಿಂದ ಕದಲಲಿಲ್ಲ.

"ನೀನು ಹೊಡೆದೆಯಾ?"

"ಇಲ್ಲ."

"ಚೀಟಿ ತಂದುಕೊಟ್ಟು ನಿನ್ನನ್ನ ಮತ್ತೆ ಇಲ್ಲಿಗೆ ತಂದವನು ಅವನು."

"ಹೌದು. ಭಾನುವಾರ ಬಂದು ಅದಕ್ಕೇ ಅತ್ತ. ತಪ್ಪಾಯಿತು ಶಾನ್, ಇನ್ನು ಯಾರ ಬಾಗಿಲಿಗೂ ಹೋಗಲ್ಲ ಅಂದ. ಆಟ ಬಿಟ್ಟವರ ಹೆಸರನ್ನೆಲ್ಲ ಹೋಪ್‌ವೆಲ್ ಕೊಡ್ತಾನಂತೆ, ಇವನು ಕ್ವಾಯ್ ಹಿಡಕೊಂಡು ಹೋಗಬೇಕಂತೆ. ಎಲ್ಲ ನಿಮ್ಮ ಇಬಾನ್ರಿಗೆ ಹೇಳ್ತೀನಿ, ಅವನ ಲೈಸೆನ್ಸು ಹೋಗಲಿ ಅಂದ. ಕುಡಿದಿದ್ದ. ನಾನು ಅವನ ಮಾತು ಕೇಳಲೇ ಇಲ್ಲ. ನಿನ್ನೆ ರಾತ್ರಿ ನಿನಗೇನು ಕನಸು ಬಿತ್ತು ಅಂತ ಕೇಳಿದೆ."

"ಸೋಮವಾರ ಹೊಳೆಗೆ ಯಾಕೆ ಹೋದೆ?"

"ಬಟ್ಟೆ ಒಗೆಯೋ ಹೆಂಗಸರ ಕನಸು ಕೇಳೋಕೆ. ದಿನಾ ಹೋಗ್ತೀನಲ್ಲ. ಅವತ್ತು ಯಾರೂ ಇರಲಿಲ್ಲ. ಸಾವಿನ ಮನೆಗೆ ಹೋಗಿದಾರೆ ಅಂತ ನನಗೆ ಗೊತ್ತಿರಲಿಲ್ಲ. ಕಿಟ್‌ಬೋಕ್ ಇದ್ದ. ಮುಖ ಬಂಡೆ ಮೇಲೆ, ಸೊಂಟದ ಕೆಳಗೆ ತಿಳಿನೀರಲ್ಲಿ."

"ಸತ್ತಿದ್ದನಾ?"

ಬಿಲ್ಲುಗಾರರ ಪೈಕಿ ಯಾರೋ ಕೆಮ್ಮಿದರು. ಹಗ್ಗದ ಈಚೆಯ ಒಬ್ಬ ಅವನನ್ನು ಮೆಲ್ಲಗೆ ಬೈದ.

"ಮಾಮ. ಸತ್ತಿದ್ದನಾ?"

"ಬೆರಳು ಆಡ್ತಿತ್ತು."

ಇಬಾನ್ರಿಗೆ ಡಾಕ್ಟರರ ಮಾತು ನೆನಪಾಯಿತು. ಪೆಟ್ಟಿನಿಂದಲೇ ಸತ್ತಿಲ್ಲ, ಬೇಗ ಮೇಲೆತ್ತಿದ್ದರೆ ಬದುಕುತ್ತಿದ್ದ, ನೀರಿನ ಚಳಿ ಕೊಂದಿತು. ಅವಳು ಬಾಯಲ್ಲಿದ್ದ ಎಲೆಯನ್ನು ಉಗಿದಳು.

"ಕೂಗಲಿಲ್ಲವಾ ನೀನು?"

"ಕೂಗೋಣ ಅಂತ ಬಾಯಿ ತೆಗೆದೆ." ಅವನು ಬಹಳ ಸಮಾಧಾನದಿಂದ, ಲೆಕ್ಕ ಒಪ್ಪಿಸುವವನ ಹಾಗೆ ಹೇಳುತ್ತಿದ್ದ. "ಕೂಗಿದರೆ ಜನ ಸೇರ್ತಾರೆ. ಸೇರಿದರೆ ಸುದ್ದಿ ಹಬ್ಬುತ್ತೆ. ಕಿಟ್‌ಬೋಕ್ ನೀರಲ್ಲಿ ಬಿದ್ದಿದಾನೆ ಅಂದರೆ ಕೌಂಟರು ತೆಗೆಯೋ ಮೊದಲೇ ಊರೆಲ್ಲ ಸಾಲು ನಿಲ್ಲುತ್ತೆ, ಅರವತ್ತಮೂರು ಬಂದ್ ಮಾಡ್ತಾರೆ. ನನಗೆ ಜೀವಮಾನದಲ್ಲಿ ಒಂದು ಸಲ ಕಣ್ಣಿಗೆ ಬಿದ್ದಿದ್ದು ಅದು. ನಾನೇ ಕಂಡಿದ್ದು. ಮೊದಲು ಕಟ್ಟಿ ಬರೋಣ, ಬಂದು ಎತ್ತೋಣ ಅಂದುಕೊಂಡೆ. ದುಡ್ಡಿರಲಿಲ್ಲ. ಸ್ಟೌ ಮಾರಿದೆ. ಕೌಂಟರು ತೆಗೆಯೋ ತನಕ ಕಾದೆ."

"ವಾಪಸ್ ಹೋದೆಯಾ?"

"ಹೋದೆ. ಆಣೆ ಮಾಡಿ ಹೇಳ್ತೀನಿ, ಓಡಿಕೊಂಡೇ ಹೋದೆ. ಆಗ ಬೆರಳು ಆಡ್ತಿರಲಿಲ್ಲ."

ಅವಳು ಅವನನ್ನು ನೋಡಿದಳು. ಹೊಡೆಯಬೇಕೆನಿಸಲಿಲ್ಲ, ಅಳಬೇಕೆನಿಸಲಿಲ್ಲ. ಈ ಮನುಷ್ಯನ ಬೆನ್ನ ಮೇಲೆ ತಾನು ನಿದ್ದೆ ಮಾಡುತ್ತಿದ್ದೆ ಎಂಬುದು ಯಾರೋ ಹೇಳಿದ ಕತೆಯ ಹಾಗಿತ್ತು. ಕೈಕೋಳ ಜಾಕೆಟ್ಟಿನ ಒಳಜೇಬಿನಲ್ಲಿತ್ತು. ಅದರ ತಣ್ಣನೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಒಂದು ವಿಷಯ ಮಾತ್ರ ಹೊಂದುತ್ತಿರಲಿಲ್ಲ.

"ತ್ರೀನಾ ಹತ್ತಿರ ಯಾಕೆ ಹೋದೆ? ನೀನು ಕಟ್ಟೋದು ಹೋಪ್‌ವೆಲ್ ಕೌಂಟರಲ್ಲಿ."

"ಅಲ್ಲೇ ಹೋಗಿದ್ದೆ ಮೊದಲು. ಬಂದ್ ಆಗಿತ್ತು."

"ಕೌಂಟರಾ?"

"ಅರವತ್ತಮೂರು. ಆ ಹುಡುಗಿ ಗಾಜಿನ ಬಾಗಿಲು ತೆಗೆಯೋ ಮೊದಲೇ ಹಲಗೆ ಮೇಲೆ ಬರೆದಿತ್ತು. ಎಷ್ಟು ಹೊಟ್ಟೆ ಉರೀತು ಗೊತ್ತಾ ಇಬಾನ್. ನನಗಿಂತ ಮೊದಲು ಇನ್ಯಾರಿಗೋ ಬಿದ್ದುಬಿಟ್ಟಿದೆ ಈ ಕನಸು ಅಂದುಕೊಂಡೆ."

ಟಪ್. ಕೊನೆಯ ಬಾಣ ನೆಟ್ಟಿತು. ಬಿಲ್ಲುಗಾರರು ಬಿಲ್ಲು ಕೆಳಗಿಟ್ಟರು.

ಇಬಾನ್ರಿ ಮರಕ್ಕೆ ಒರಗಿದಳು. ಸೋಮವಾರ ಬೆಳಗ್ಗೆ ಊರಿಗೆ ಯಾವ ಹೆಣವೂ ಗೊತ್ತಿರಲಿಲ್ಲ. ಕೇರಿಯಲ್ಲಿ ಸತ್ತಿದ್ದವಳು ಒಬ್ಬ ಮುದುಕಿ, ಹಾಸಿಗೆಯಲ್ಲಿ. ಅವಳಿಗೆ ಆರೂ ಇಲ್ಲ, ಮೂರೂ ಇಲ್ಲ. ಅರವತ್ತಮೂರಕ್ಕೆ ಆಗ ಒಬ್ಬನೇ ಒಬ್ಬನೂ ದುಡ್ಡು ಕಟ್ಟಿರಲಿಲ್ಲ. ಯಾರೂ ಕಟ್ಟದ ಅಂಕಿಯನ್ನು ಹೋಪ್‌ವೆಲ್ ಬಂದ್ ಮಾಡಿಸಿದ್ದ.

ಅವನಪ್ಪನ ಕತೆ ಊರಿಗೆಲ್ಲ ಗೊತ್ತು. ಹಿಂದೊಮ್ಮೆ ಕೇರಿಯ ಯಜಮಾನ ಸತ್ತಾಗ ಜನವೆಲ್ಲ ಅವನ ಅಂಕಿಗೆ ಕಟ್ಟಿದರು, ಅದೇ ಅಂಕಿ ಬಂತು, ಅಪ್ಪ ಎರಡು ಅಂಗಡಿ ಮಾರಿ ದುಡ್ಡು ಕೊಟ್ಟ. ಅಂದಿನಿಂದ ಆ ಮನೆಯವರು ಪೊಲೀಸರಿಗೆ ಹೆದರಿದವರಲ್ಲ, ಅಂಕಿಗೆ ಹೆದರುವವರು. ಹೆಂಗಸರು ನಸುಕಿನಲ್ಲೇ ಹೊಳೆಗೆ ಹೋಗುತ್ತಾರೆ, ಹೆಣ ಕಾಣುತ್ತಾರೆ, ಕೌಂಟರು ತೆಗೆಯುವ ಹೊತ್ತಿಗೆ ಜನ ಮುಗಿಬೀಳುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. ಮುದುಕಿ ಸತ್ತು ಹೆಂಗಸರು ಹೋಗದೆ ಉಳಿದರು. ಹಲಗೆಯ ಮೇಲಿನ ಅಂಕಿ ಒಂಟಿಯಾಗಿ ಉಳಿಯಿತು.

"ಇದನ್ನ ಇನ್ನು ಯಾರಿಗೆ ಹೇಳಿದೀಯ?"

"ತ್ರೀನಾಗೆ. ಅವಳಿಗೂ ಫೋನು ಬಂದಿತ್ತಂತೆ, ಹೋಪ್‌ವೆಲ್ ಕಡೆಯಿಂದ. ಅರವತ್ತಮೂರು ಯಾರು ತಂದರೂ ಬರೀಬೇಡ ಅಂತ. ದೊಡ್ಡ ಕುಳ ಹೆದರಿದರೆ ನನ್ನಂಥ ಚಿಲ್ಲರೆಯವಳಿಗೇನು ಅಂತ ಬರಕೊಂಡಳು."

ಇಲ್ಲಿ ಬೇಡ, ಮನೆಗೆ ಬಾ ಎಂದು ತ್ರೀನಾ ಅಂದದ್ದು ಇದಕ್ಕೇ. ಫೋನು ಮಾಡಿದವನ ದನಿ ಅವಳಿಗೆ ಗೊತ್ತು.

ಪಿಂಡಿಯಿಂದ ಬಾಣಗಳನ್ನು ಕೀಳತೊಡಗಿದರು. ಕಿಟ್‌ಬೋಕನ ಜಾಗದಲ್ಲಿ ಬೇರೊಬ್ಬ ಕೂತು ಹತ್ತು ಹತ್ತರ ಕಟ್ಟು ಕಟ್ಟುತ್ತಿದ್ದ. ಜನ ಹಗ್ಗಕ್ಕೆ ಒತ್ತಿಕೊಂಡರು. ಶಾನ್‌ಬೋರನೂ ಕತ್ತು ಚಾಚಿದ. ಅವನ ಮುಷ್ಟಿಯಲ್ಲಿ ಚೀಟಿಯ ಮೂಲೆ ಕಾಣುತ್ತಿತ್ತು.

"ಇವತ್ತೂ ಕಟ್ಟಿದೀಯಾ?"

"ಬಿಡು ಅದನ್ನ."

ಅವಳು ಅವನ ಮುಷ್ಟಿ ಬಿಡಿಸಿದಳು. ಚೀಟಿಯಲ್ಲಿ ಒಂದೇ ಅಂಕಿ ಇತ್ತು. ಐವತ್ತಮೂರು.

"ಹೋಪ್‌ವೆಲ್ ಹಲಗೆ ಮೇಲೆ ಮಧ್ಯಾಹ್ನ ಐವತ್ತಮೂರು ಬಂದ್ ಅಂತ ಬರೆದರು," ಎಂದ ಅವನು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ. "ಹೋದ ಸಲ ಬಂದ್ ಮಾಡಿದಾಗ ನಿಜವಾಗಿಯೂ ಏನೋ ಆಗಿತ್ತಲ್ಲ. ಈ ಸಲವೂ ಏನೋ ಇರುತ್ತೆ ಅಂತ ಬೇರೆ ಕಡೆ ಕಟ್ಟಿದೆ."

ಹೆಂಗಸಿಗೆ ಐದು. ನೀರಿಗೆ ಮೂರು.

ಇಬಾನ್ರಿ ಹಗ್ಗದ ಆಚೆ ನೋಡಿದಳು. ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು. ಎಣಿಕೆ ನಡೆಯುವಾಗ ಹೋಪ್‌ವೆಲ್ ಎದ್ದುಹೋದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ತಾನೂ ಹೆಂಗಸೇ ಎಂಬುದು ಆಗ ಹೊಳೆಯಿತು. ಆಮೇಲೆ ಕೆಂಪು ಮಫ್ಲರು ಹೊಳೆಯಿತು, ಹೊಳೆ ದಾಟಿ ಮೊದಲನೇ ತಗಡಿನ ಮನೆ ಹೊಳೆಯಿತು.

"ಎಲ್ಲಿ ಕಟ್ಟಿದೆ ಇದನ್ನ? ತ್ರೀನಾ ಹತ್ತಿರವಾ?"

"ಅವಳ ಹತ್ತಿರವೇ ಹೋದೆ. ಹಲಗೆ ಹಾಕಿ ಮುಚ್ಚಿತ್ತು. ಅಡಿಕೆ ಕತ್ತರಿ ಕೆಳಗೆ ಬಿದ್ದಿತ್ತು, ಎತ್ತಿ ಕಿಂಡಿಯಲ್ಲಿಟ್ಟು ಬಂದೆ."

ಆಟಕ್ಕೆ ಮೊದಲು ಕೌಂಟರು ಮುಚ್ಚುವವರು ಈ ಊರಲ್ಲಿ ಯಾರೂ ಇಲ್ಲ. ಅವಳು ಫೋನು ತೆಗೆದು ತ್ರೀನಾಳ ನಂಬರು ಒತ್ತಿದಳು. ರಿಂಗಾಗತೊಡಗಿತು. ಇನ್ನೊಂದು ಕೈಯಲ್ಲಿ ಮಾಮನ ತೋಳು ಹಿಡಿದಿದ್ದಳು. ಹಿಡಿದುಕೊಂಡು ಓಡಲು ಆಗುವುದಿಲ್ಲ. ಬಿಟ್ಟಳು.

"ಇಲ್ಲಿಂದ ಕದಲಬೇಡ."

"ಎಲ್ಲಿಗೆ ಹೋಗಲಿ," ಎಂದ ಅವನು, ಕಣ್ಣು ಬಾಣದ ಕಟ್ಟುಗಳ ಮೇಲೆಯೇ ಇಟ್ಟು. "ಎರಡನೇ ಆಟ ಇದೆಯಲ್ಲ."

ಹಿಂದೆ ಹತ್ತು, ಇಪ್ಪತ್ತು, ಮೂವತ್ತು ಎಂದು ಕೂಗುವುದು ಕೇಳುತ್ತಿತ್ತು. ಇಬಾನ್ರಿ ಹೊಳೆಯ ದಾರಿ ಹಿಡಿದು ಓಡಿದಳು. ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಅಲ್ಲಿಯ ತನಕ ಹೋದದ್ದು ಅಜ್ಜಿಯ ಮನೆ ಒಂದು, ಅಮ್ಮನ ಸ್ಟೌ ಒಂದು, ಗಂಡಸು ಒಬ್ಬ, ಮಾಮ ಒಬ್ಬ. ಹೆಂಗಸಿನ ಲೆಕ್ಕ ಇನ್ನೂ ಸಿಕ್ಕಿರಲಿಲ್ಲ.